ಯಾವ ದೇಶ ಬೇಕಾದ್ರೂ ಕೇಳಿ

ಮಲ್ಲೇಶ್ವರ
9 ಜೂನ್ 2025

ಚೈತನ್ಯಾ,

ನಿನ್ನ ಸಂಸ್ಥೆಯ ಶರಣ್ ನಾಳೆ ಲಡಾಖಿಗೆ ಹೊರಡುತ್ತಾನೆಂದು ತಿಳಿಯಿತು. ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ, ಜೊತೆಗೆ ಒಂದಿಷ್ಟು ಚಟ್ನಿಪುಡಿ. ಫೋನ್ ಮಾಡಬಹುದಿತ್ತು. ಆದರೆ ನೀನು ಟೆಲಿಸ್ಕೋಪ್ ಕಾಯುತ್ತಿರುವ ಆ ಬೆಟ್ಟಕ್ಕೆ ಮಾತಾಡಿದರೆ ಅರ್ಧ ವಾಕ್ಯಕ್ಕೇ ಕಟ್ಟಾಗುತ್ತದೆ. ಇದು ಅರ್ಧ ವಾಕ್ಯದಲ್ಲಿ ಹೇಳುವ ವಿಷಯವಲ್ಲ.

ನಿನ್ನೆ ಬಸವನಗುಡಿಯಲ್ಲಿ ರಾಮಸ್ವಾಮಿ ಮಾವನ ಎಂಬತ್ತರ ಶಾಂತಿ ಇತ್ತು. ಊಟ ಮುಗಿಯುವ ಹೊತ್ತಿಗೆ ಕಶ್ಯಪ್ ನಿಮ್ಮ ಮಗಳನ್ನು ಎತ್ತಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಲ್ಲಿಸಿದ. "ಯಾವ ದೇಶ ಬೇಕಾದ್ರೂ ಕೇಳಿ, ರಾಜಧಾನಿ ಹೇಳ್ತಾಳೆ. ಆರೇ ವರ್ಷ ಇವಳಿಗೆ!" ಅಂದ. ಅವನು ನನ್ನ ಒಡಹುಟ್ಟಿದ ತಮ್ಮ. ಆದರೂ ಆ ಧ್ವನಿಯನ್ನು ನಾನು ಕೇಳಿರುವುದು ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಪಂಚೆ, ಟವೆಲು ಮಾರುವವರ ಬಾಯಲ್ಲಿ ಮಾತ್ರ.

ಜನ ಮುತ್ತಿಕೊಂಡರು. ಪಾಯಸದ ಲೋಟ ಹಿಡಿದೇ ಬಂದ ಒಬ್ಬರು "ಬುರ್ಕಿನಾ ಫಾಸೊ?" ಅಂದರು. ಇಂಚರಾ "ಔಗಡೂಗು" ಅಂದಳು. ಆ ಹೆಸರಿನ ಸದ್ದಿಗೆ ಎಲ್ಲರಿಗೂ ನಗು. ಇನ್ನೊಮ್ಮೆ ಕೇಳಿದರು, ಮತ್ತೊಮ್ಮೆ ಕೇಳಿದರು. ಹೇಳಿದಾಗೆಲ್ಲ ಯಾರೋ ಒಬ್ಬರು ಜಾಮೂನು ಮುರಿದು ಅವಳ ಬಾಯಿಗೆ ತುರುಕುತ್ತಿದ್ದರು. ಪಾಕ ಗಲ್ಲದಿಂದ ಲಂಗದ ಮೇಲೆ ಇಳಿಯುತ್ತಿತ್ತು. ಅದೇ ಅಂಟು ಬೆರಳುಗಳಲ್ಲಿ ಕೆನ್ನೆ ಹಿಂಡುತ್ತಿದ್ದರು.

ಮಗುವನ್ನು ನಲ್ಲಿಯ ಹತ್ತಿರ ಕರೆದೊಯ್ದು ಮುಖ ತೊಳೆದೆ. "ರಾಜಧಾನಿ ಅಂದ್ರೆ ಏನು ಪುಟ್ಟಿ?" ಅಂತ ಕೇಳಿದೆ. ಅವಳು ಹೇಳಿದ್ದು: "ಎರಡನೇ ಪದ ಅತ್ತೆ. ಮೊದಲನೇದು ಅವ್ರು ಹೇಳ್ತಾರೆ, ಎರಡನೇದು ನಾನು ಹೇಳ್ಬೇಕು."

ಮೂವತ್ತು ವರ್ಷ ಹುಡುಗಿಯರಿಗೆ ಭೂಗೋಳ ಕಲಿಸಿದವಳು ನಾನು. ಇದು ವಿದ್ಯೆಯಲ್ಲ. ಅವನಿಗೆ ನೀನು ಒಂದು ಮಾತು ಹೇಳು. ನನ್ನ ಮಾತನ್ನು ಅವನು ಕೇಳುವುದಿಲ್ಲ.

ಗೋದಾ

*

ಲಡಾಖ್
2 ಜುಲೈ 2025

ಗೋದಕ್ಕನಿಗೆ ನಮಸ್ಕಾರ.

ಚಟ್ನಿಪುಡಿ ತಲುಪಿದ ದಿನವೇ ಅರ್ಧ ಖಾಲಿಯಾಯಿತು. ಇಲ್ಲಿ ಮರ ಇಲ್ಲ, ಹಕ್ಕಿ ಇಲ್ಲ, ಒಗ್ಗರಣೆಯ ವಾಸನೆಯಂತೂ ಇಲ್ಲವೇ ಇಲ್ಲ. ಎರಡು ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುತ್ತದೆ.

ನಿಮ್ಮ ಪತ್ರ ಓದಿ ಸ್ವಲ್ಪ ಬೇಜಾರಾಯಿತು. ನೆಂಟರು ಒರಟಾಗಿ ನಡೆದುಕೊಂಡಿರಬಹುದು, ಒಪ್ಪುತ್ತೇನೆ. ಆದರೆ ಮಗುವಿಗೆ ಇದು ಆಟ. ನಾನು ಹೊರಟ ಮೇಲೆ ಅವಳು ಮಂಕಾಗಿದ್ದಳು, ಈಗ ಗೆಲುವಾಗಿದ್ದಾಳೆ ಎಂದು ಕಶ್ಯಪ್ ಹೇಳುತ್ತಾರೆ. ಭಾನುವಾರ ಲೈನ್ ಸಿಕ್ಕಾಗ ಅವಳು ನನ್ನ ಹತ್ತಿರ ಬೇರೇನೂ ಮಾತಾಡುವುದಿಲ್ಲ, ಪಟಪಟ ಅಂತ ದೇಶ, ರಾಜಧಾನಿ ಹೇಳುತ್ತಾ ಹೋಗುತ್ತಾಳೆ. ಕೊನೆಗೆ, "ಅಮ್ಮ, ಇವತ್ತು ಒಂದೂ ತಪ್ಪಿಲ್ಲ, ಆಯ್ತಾ?" ಅನ್ನುತ್ತಾಳೆ. ಅಷ್ಟು ದೂರದಿಂದ ಬರುವ ಆ ಪುಟ್ಟ ಧ್ವನಿಯ ಹೆಮ್ಮೆ ಕೇಳಿದರೆ ವಾರವಿಡೀ ನನಗೆ ಅದೇ ಆಧಾರ. ಈ ಕೆಲಸ ಒಪ್ಪಿಕೊಂಡು ಬಂದಾಗ ಯಾರ್ಯಾರು ಏನೇನು ಅಂದರು ಎಂದು ನಿಮಗೆ ಗೊತ್ತು. ಮಗು ಚೆನ್ನಾಗಿದೆ ಅನ್ನುವ ಒಂದು ಮಾತನ್ನಾದರೂ ನನಗೆ ಉಳಿಸಿ.

ನವರಾತ್ರಿಗೆ ಬರುತ್ತೇನೆ. ಅವಳಿಗೂ ಹೇಳಿದ್ದೇನೆ.

ನಿಮ್ಮ
ಚೈತನ್ಯಾ

*

ಮಲ್ಲೇಶ್ವರ
27 ಜುಲೈ 2025

ಚೈತನ್ಯಾ,

ನಿನಗೆ ಬೇಜಾರು ಮಾಡುವುದು ನನಗೇನೂ ಖುಷಿಯಲ್ಲ. ಆದರೆ ಮೊನ್ನೆ ಬಸವನಗುಡಿಯ ನಿಮ್ಮ ಮನೆಗೆ ಹೇಳದೆ ಹೋಗಿದ್ದೆ. ಕಂಡದ್ದನ್ನು ಬರೆಯುತ್ತೇನೆ.

ನಡುಮನೆಯಲ್ಲಿ ಸೋಫಾ ಇಲ್ಲ. ಅದರ ಜಾಗದಲ್ಲಿ ದೊಡ್ಡ ಬಳೆಯಂಥ ಎರಡು ದೀಪ, ಮಧ್ಯೆ ಎತ್ತರದ ಸ್ಟೂಲು. ಶಶಿಕುಮಾರ್ ಅಂತ ಒಬ್ಬ ಬಂದಿದ್ದ. ಮಕ್ಕಳ ಮೆದುಳು ಚುರುಕು ಮಾಡುವ ಕೋಚಿಂಗ್ ನಡೆಸುತ್ತಾನಂತೆ, ಇಂಚರಾಳ ಫೋಟೊವನ್ನು ತನ್ನ ಪೋಸ್ಟರಿಗೆ ಹಾಕಿಕೊಂಡಿದ್ದಾನೆ. ಕಶ್ಯಪ್ ಅವಳ ಹೆಸರಲ್ಲಿ ಒಂದು ಚಾನೆಲ್ ತೆರೆದಿರುವುದು ನಿನಗೆ ಗೊತ್ತಿರಬೇಕು. ದಿನಾ ಒಂದು ವಿಡಿಯೋ ಬೇಕಂತೆ. ಅದಕ್ಕೆ ಶಾಲೆಗೆ ರಜೆ.

"ಟೋಗೊ?" ಅಂದ ಶಶಿಕುಮಾರ್. ಮಗು ಸುಮ್ಮನಿತ್ತು. ಅವನು ಹತ್ತಿರ ಬಂದು, ಬಾಯಲ್ಲಿ ಅಡಿಕೆ ಹಾಕಿಕೊಂಡೇ, ಅವಳ ಮುಖಕ್ಕೆ ಮುಖ ಕೊಟ್ಟು "ಟೋ-ಗೋ" ಅಂದ. ಎಂಜಲು ಸಿಡಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಮತ್ತೆ ಮೊದಲಿಂದ ತೆಗೆಯಬೇಕಂತೆ, ಕೈ ಅಲ್ಲಾಡಬಾರದಂತೆ. ಕಶ್ಯಪ್ ಕ್ಯಾಮೆರಾದ ಹಿಂದೆ ನಿಂತು "ಸ್ಮೈಲ್ ಪುಟ್ಟಿ, ಸ್ಮೈಲ್" ಅನ್ನುತ್ತಿದ್ದ.

ಮಗು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದೆ. ಇದನ್ನು ಹೇಳಿದ್ದು ಕೆಲಸಕ್ಕೆ ಬರುವ ಸರಸ್ವತಮ್ಮ. ಕಶ್ಯಪನನ್ನು ಕೇಳಿದರೆ "ನೀರು ಜಾಸ್ತಿ ಕುಡೀತಾಳೆ ಅಷ್ಟೇ" ಅಂದ.

ಇನ್ನೊಂದು ವಿಷಯ ಅವನ ಫೋನಿನಲ್ಲಿ ನೋಡಿದೆ. ಅದು ನಿನಗೆ ಸಂಬಂಧಿಸಿದ್ದು. ಬರೆಯಲು ಕೈ ಬರುತ್ತಿಲ್ಲ. ನೀನು ಬಂದಾಗ ಹೇಳುತ್ತೇನೆ. ಬೇಗ ಬಾ.

ಗೋದಾ

*

ಲಡಾಖ್
20 ಆಗಸ್ಟ್ 2025

ಗೋದಕ್ಕ,

"ಇನ್ನೊಂದು ವಿಷಯ" ಎಂದು ಬರೆದು ನಿಲ್ಲಿಸಿದಿರಿ. ಇಲ್ಲಿ ಕತ್ತಲೆಯಲ್ಲಿ ಒಬ್ಬಳೇ ಕೂತು ಕೆಲಸ ಮಾಡುವವಳಿಗೆ ಇಂಥ ಅರ್ಧ ಮಾತು ಏನು ಮಾಡುತ್ತದೆ ಎಂದು ಯೋಚಿಸಿದಿರಾ? ಗಂಡನ ಫೋನಿನಲ್ಲಿ, ನನಗೆ ಸಂಬಂಧಿಸಿದ್ದು. ಬೇರೆ ಹೆಂಗಸಾ? ನೇರವಾಗಿ ಅವರನ್ನೇ ಕೇಳಿಬಿಟ್ಟೆ. ಮೊದಲು ನಕ್ಕರು, ಆಮೇಲೆ ಅತ್ತರು. ಮಗುವಿನ ಊಟ, ಸ್ನಾನ, ಜಡೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿರುವ ಮನುಷ್ಯನನ್ನು ನಾನು ಅವಮಾನ ಮಾಡಿದೆ.

ಅವರು ಒಂದು ಮಾತು ಹೇಳಿದರು. "ಅಕ್ಕನಿಗೆ ಮಗು ತನ್ನ ಹತ್ರ ಇರ್ಲಿ ಅಂತ ಆಸೆ. ಅದಕ್ಕೇ ಹಿಂಗೆಲ್ಲ ಬರೀತಾಳೆ." ನಾನು ನಂಬಲಿಲ್ಲ. ಆದರೆ ನಿಮ್ಮ ಎರಡು ಪತ್ರ ಪಕ್ಕಪಕ್ಕ ಇಟ್ಟು ಓದಿದಾಗ, ನನ್ನ ಮನೆಯಲ್ಲಿ ಒಂದೇ ಒಂದು ಒಳ್ಳೆಯದೂ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನ್ನಿಸಿತು. ಮಕ್ಕಳನ್ನು ಸಾಕುವಾಗ ಹೆಚ್ಚುಕಡಿಮೆ ಇರುತ್ತದೆ. ಸಾಕಿದವರಿಗೆ ಅದು ಗೊತ್ತಾಗುತ್ತದೆ.

ನವರಾತ್ರಿಗೆ ಆಗುವುದಿಲ್ಲ. ಹೊಸ ಉಪಕರಣ ಬರುತ್ತಿದೆ, ಡಿಸೆಂಬರ್ ಆಗಬಹುದು. ಸ್ವಲ್ಪ ದಿನ ನನಗೆ ಫೋನ್ ಮಾಡಬೇಡಿ.

ಚೈತನ್ಯಾ

*

ಮಲ್ಲೇಶ್ವರ
14 ಸೆಪ್ಟೆಂಬರ್ 2025

ಚೈತನ್ಯಾ,

ನನಗೆ ಮಕ್ಕಳಿಲ್ಲ ಎನ್ನುವುದನ್ನು ನೀನು ಬರೆದಿಲ್ಲ, ಬರೆಯದೆಯೇ ತಿಳಿಸಿದ್ದೀಯ. ಇರಲಿ. ಅರ್ಧ ಮಾತು ಬರೆದದ್ದು ತಪ್ಪೆಂದು ನೀನು ಹೇಳಿದ್ದು ಸರಿ. ಪೂರ್ತಿ ಬರೆಯುತ್ತೇನೆ. ಫೋನ್ ಮಾಡುವುದಿಲ್ಲ.

ಹೆಂಗಸು ಇಲ್ಲ. ಇದ್ದಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

ಭಾನುವಾರ ನೀನು ಫೋನ್ ಮಾಡುತ್ತೀಯಲ್ಲ, ಅದನ್ನು ಕಶ್ಯಪ್ ರೆಕಾರ್ಡ್ ಮಾಡಿ ಚಾನೆಲಿಗೆ ಹಾಕುತ್ತಾನೆ. ಆ ಹಳ್ಳಿಗಾಡಿನ ನೆಟ್‌ವರ್ಕಿನಲ್ಲಿ ನಿನಗೆ ವಿಡಿಯೋ ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತು. ನಿನ್ನ ಧ್ವನಿ, ನಿನ್ನ ಅಳು, ಕೊನೆಗೆ ಮಗುವಿನ ಮುಖ ಹತ್ತಿರದಿಂದ, ಹಿನ್ನೆಲೆಯಲ್ಲಿ ಪಿಟೀಲು. ಕೆಳಗೆ ಸಾವಿರಾರು ಜನರ ಮಾತು. "ಇಂಥ ತಾಯಿ ಇರಬಾರದು" ಎಂದು ಕೆಲವರು. "ಅಪ್ಪನಿಗೆ ಸೆಲ್ಯೂಟ್" ಎಂದು ಉಳಿದವರು. ಅವನು ಅದಕ್ಕೆಲ್ಲ ಕೈಮುಗಿಯುವ ಚಿಹ್ನೆ ಹಾಕುತ್ತಾನೆ. ನಾನು ನೋಡಿ ಫೋನ್ ಕೆಳಗಿಟ್ಟು ಕೈ ತೊಳೆದುಕೊಂಡೆ.

ಅದಕ್ಕಿಂತ ದೊಡ್ಡದು ನನಗೆ ತಿಳಿದದ್ದು ಮೊನ್ನೆ. ಅವನಿಗೆ ಮೀಟಿಂಗ್ ಇತ್ತು, ಇಂಚರಾಳನ್ನು ಒಂದು ಮಧ್ಯಾಹ್ನ ನನ್ನ ಹತ್ತಿರ ಬಿಟ್ಟಿದ್ದ. ಮೊಸರನ್ನ ಕಲಸಿಕೊಟ್ಟೆ. ತುತ್ತು ನುಂಗುವ ಮಧ್ಯೆಯೂ ತುಟಿ ಆಡುತ್ತಿತ್ತು. "ಈಗ ಬೇಡ ಕಂದ, ಊಟ ಮಾಡು" ಅಂದೆ.

"ಇಲ್ಲ ಅತ್ತೆ, ಒಂದ್ಸಲಾನೂ ತಪ್ಪದೇ ಎಲ್ಲಾ ಹೇಳಿದ್ರೆ ಅಮ್ಮ ಬರ್ತಾಳೆ. ಅಪ್ಪ ಹೇಳಿದಾರೆ. ಮೊನ್ನೆ ಕಿರಿಬಾಟಿ ತಪ್ಪಿಹೋಯ್ತು. ಅದಕ್ಕೇ ಅಮ್ಮ ಈ ಹಬ್ಬಕ್ಕೆ ಬರಲ್ಲ."

ಚೈತನ್ಯಾ, ಮಗು ನಿನಗೆ ಫೋನಿನಲ್ಲಿ ಒಪ್ಪಿಸುತ್ತಿದ್ದುದು ಹೆಮ್ಮೆಗಲ್ಲ. ನಿನ್ನನ್ನು ಕರೆಸಿಕೊಳ್ಳಲು.

ಕಶ್ಯಪನನ್ನು ಕೇಳಿದೆ. "ಮೋಟಿವೇಶನ್ ಅಕ್ಕ. ಮಕ್ಕಳಿಗೆ ಒಂದು ಗೋಲ್ ಇರ್ಬೇಕು" ಅಂದ. ನಾನು ಎತ್ತಿ ಆಡಿಸಿದ ಹುಡುಗ. ಅವನು ತಂದ ಸ್ವೀಟ್ ಡಬ್ಬಿಯನ್ನು ಹಾಗೇ ಬೀದಿಗೆ ಇಟ್ಟೆ.

ಅಕ್ಟೋಬರ್ ನಾಲ್ಕಕ್ಕೆ ಚಾಮರಾಜಪೇಟೆಯ ಒಂದು ಸಭಾಂಗಣದಲ್ಲಿ ಶಶಿಕುಮಾರನ ದೊಡ್ಡ ಕಾರ್ಯಕ್ರಮ. ವೇದಿಕೆಯ ಮೇಲೆ ಮಗು ಲೋಕದ ಎಲ್ಲಾ ರಾಜಧಾನಿ ಹೇಳಬೇಕು. ಅದಕ್ಕೆ ಮುಂಚೆ ಬಾ. ಶರಣ್ ಸದ್ಯಕ್ಕೆ ಬರುವುದಿಲ್ಲವಂತೆ, ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಗೋದಾ

*

ಮಲ್ಲೇಶ್ವರ
5 ಅಕ್ಟೋಬರ್ 2025

ಚೈತನ್ಯಾ,

ನಿನ್ನಿಂದ ಉತ್ತರ ಬರಲಿಲ್ಲ. ಪತ್ರ ಸಿಕ್ಕಿತೋ, ಸಿಕ್ಕಿಯೂ ಓದಲಿಲ್ಲವೋ ತಿಳಿಯದು. ಇವತ್ತು ಬೆಳಗ್ಗೆ ನಿಮ್ಮ ಇಲ್ಲಿನ ಕಚೇರಿಗೆ ಫೋನ್ ಮಾಡಿ, "ಮಗು ಆರೋಗ್ಯವಾಗಿದೆ, ಗೋದಾ ಹತ್ತಿರ ಇದೆ, ಹೊರಟು ಬರಲಿ" ಎಂದಷ್ಟೇ ನಿನಗೆ ತಿಳಿಸಲು ಹೇಳಿದ್ದೇನೆ. ನಡೆದದ್ದನ್ನು ಬೇರೆಯವರ ಬಾಯಲ್ಲಿ ಹೇಳಿಸಲು ಮನಸ್ಸಾಗಲಿಲ್ಲ.

ನಿನ್ನೆ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಪ್ಪ ಅಮ್ಮಂದಿರು. ಇಂಚರಾಳಿಗೆ ಜರಿ ಲಂಗ, ತುಟಿಗೆ ಬಣ್ಣ, ಕೆನ್ನೆಗೆ ಬಣ್ಣ. ಶಶಿಕುಮಾರ್ ದೇಶ ಕೇಳುತ್ತಾ ಹೋದ, ಅವಳು ಹೇಳುತ್ತಾ ಹೋದಳು. ಅರ್ಧ ಗಂಟೆಗೂ ಮೀರಿ. ಒಂದೂ ತಪ್ಪಲಿಲ್ಲ. ಕೊನೆಯದು ಮುಗಿದಾಗ ಚಪ್ಪಾಳೆ, ಮೇಲಿನಿಂದ ಬಣ್ಣದ ಕಾಗದ ಸುರಿಯಿತು. ಮಗು ಜನರನ್ನು ನೋಡಲಿಲ್ಲ. ತಿರುಗಿ ಪರದೆಯ ಕಡೆ ನೋಡಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಮೈಕ್ ಇನ್ನೂ ಅವಳ ಬಾಯ ಹತ್ತಿರವೇ ಇತ್ತು. "ಅಮ್ಮ ಎಲ್ಲಿ?" ಅಂದಳು.

ಜನ "ಅಯ್ಯೋ" ಅಂದರು. ಅದೊಂದು ಹಿತವಾದ "ಅಯ್ಯೋ". ಸಿನಿಮಾದಲ್ಲಿ ಬರುತ್ತದಲ್ಲ, ಅಂಥದ್ದು. ಎಲ್ಲರ ಫೋನುಗಳೂ ಮೇಲೆದ್ದವು.

ಕಶ್ಯಪ್ ವೇದಿಕೆ ಹತ್ತಿ ಮೈಕ್ ತೆಗೆದುಕೊಂಡ. ನಿಲ್ಲಿಸುತ್ತಾನೆ ಎಂದುಕೊಂಡೆ. ಅವನು ನಗುತ್ತಾ ಹೇಳಿದ್ದೇನು ಗೊತ್ತೇ? "ಒಂದು ಸ್ವಲ್ಪ ನಿಧಾನ ಆಯ್ತಲ್ಲ ಪುಟ್ಟಿ? ಫಿಜಿ ಹತ್ರ ತಡವರಿಸಿದೆ."

ಅವಳು ಕೈ ಹಿಂದೆ ಕಟ್ಟಿಕೊಂಡು ಮತ್ತೆ ಮೊದಲಿಂದ ಶುರುಮಾಡಿದಳು. "ಅಫ್ಘಾನಿಸ್ತಾನ ಕಾಬೂಲ್, ಅಲ್ಬೇನಿಯಾ ಟಿರಾನಾ, ಅಲ್ಜೀರಿಯಾ ಅಲ್ಜಿಯರ್ಸ್..." ಯಾರೂ ಕೇಳಿರಲಿಲ್ಲ. ಮೊದಲು ಜನ ನಕ್ಕರು, ತಾಳಕ್ಕೆ ಚಪ್ಪಾಳೆ ಹಾಕಿದರು. ಅವಳು ಇನ್ನೂ ಬೇಗ, ಇನ್ನೂ ಬೇಗ ಹೇಳತೊಡಗಿದಳು. ಉಸಿರು ಸಾಲದಾಯಿತು. ಹೇಳುತ್ತಲೇ ವಾಂತಿ ಮಾಡಿಕೊಂಡಳು. ಜರಿ ಲಂಗವೆಲ್ಲ ಆಯಿತು. ಬಾಯಿ ಒರೆಸಿಕೊಳ್ಳದೆ ಮುಂದಿನ ದೇಶ ಹೇಳಿದಳು.

ನಾನು ಹೇಗೆ ವೇದಿಕೆ ಹತ್ತಿದೆನೋ ಗೊತ್ತಿಲ್ಲ. ಎತ್ತಿಕೊಂಡೆ. ನನ್ನ ಹೆಗಲ ಮೇಲೂ ವಾಂತಿ, ಕಿವಿಯ ಹತ್ತಿರ ಇನ್ನೂ "ಬಹರೈನ್ ಮನಾಮಾ". ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು, ಆದರೆ ಫೋನ್ ಇಳಿಸಲಿಲ್ಲ. ಒಳಗಿನ ಕೋಣೆಯಲ್ಲಿ ಶಶಿಕುಮಾರ್ ಕಶ್ಯಪನ ಭುಜ ತಟ್ಟಿ, "ಟೆನ್ಶನ್ ಬೇಡ ಗುರು, ಇದೇ ಓಡೋದು ನೋಡ್ತಾ ಇರು" ಅಂದ. ನನ್ನ ತಮ್ಮ ಅವನಿಗೆ ಬೈಯಲಿಲ್ಲ. "ಎಲ್ಲಾ ಆ್ಯಂಗಲ್‌ನಿಂದ ಬಂದಿದ್ಯಾ?" ಅಂತ ಕೇಳಿದ.

ನಾನು ಕಶ್ಯಪನಿಗೆ ಉಗಿದೆ. ಮಾತಿನಲ್ಲಲ್ಲ, ನಿಜವಾಗಿ, ಮುಖಕ್ಕೆ. ಅರವತ್ತೆರಡು ವರ್ಷಕ್ಕೆ ಮೊದಲ ಸಲ. ಆಟೋ ಹತ್ತಿ ಮಗುವನ್ನು ಮನೆಗೆ ತಂದೆ. ಬಿಸಿನೀರು ಹಾಕಿದೆ. ಅವಳು ಈಗ ಮಲಗಿದ್ದಾಳೆ. ನಿನ್ನನ್ನು ಕರೆಸಿಕೊಳ್ಳಲು ಅವಳು ಏನೂ ಹೇಳಬೇಕಿಲ್ಲ ಎಂದು ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ. ಅದನ್ನು ನೀನೇ ಬಂದು ಹೇಳಬೇಕು.

ಗೋದಾ

*

ಲಡಾಖ್
6 ಅಕ್ಟೋಬರ್ 2025

ಗೋದಕ್ಕ,

ಹಿಮ ಬಿದ್ದು ದಾರಿ ಮುಚ್ಚಿತ್ತು. ನಿಮ್ಮ ಸೆಪ್ಟೆಂಬರಿನ ಪತ್ರ ಇವತ್ತು ಸಿಕ್ಕಿತು. ಅದರ ಹಿಂದೆಯೇ ಕಚೇರಿಯಿಂದ ಸುದ್ದಿ. ಚಾಮರಾಜಪೇಟೆಯಲ್ಲಿ ಏನಾಯಿತು ಎಂದು ಯಾರೂ ಹೇಳುತ್ತಿಲ್ಲ. ಕಶ್ಯಪ್ "ಸೂಪರ್ ಹಿಟ್" ಎಂದು ಮೆಸೇಜು ಕಳಿಸಿದ್ದಾನೆ.

ಲೇಹ್‌ಗೆ ಹೋಗುವ ಜೀಪಿನವನು ನಾಳೆ ಹೊರಡುತ್ತಾನೆ, ನಾನೂ ಹೊರಡುತ್ತೇನೆ. ಈ ಕಾಗದ ನನಗಿಂತ ತಡವಾಗಿಯೇ ತಲುಪುತ್ತದೆ, ಗೊತ್ತು. ಆದರೂ ಬರೆಯದೆ ಈ ರಾತ್ರಿ ಕಳೆಯಲಾರೆ. ಅವಳನ್ನು ಯಾರ ಕೈಗೂ ಕೊಡಬೇಡಿ.

ಚೈತನ್ಯಾ

*

ವಾಣಿಯಂಬಾಡಿ ಹತ್ತಿರ, ತಮಿಳುನಾಡು
10 ಡಿಸೆಂಬರ್ 2025

ಗೋದಕ್ಕನಿಗೆ ನಮಸ್ಕಾರ.

ಇಲ್ಲಿನ ಬೆಟ್ಟದ ಟೆಲಿಸ್ಕೋಪ್ ಕೇಂದ್ರಕ್ಕೆ ವರ್ಗ ಸಿಕ್ಕಿದ್ದು ಒಳ್ಳೆಯದಾಯಿತು. ಕ್ವಾರ್ಟರ್ಸಿನ ಸುತ್ತ ಶ್ರೀಗಂಧದ ಗಿಡಗಳು, ಸಂಜೆಗೆ ನವಿಲು. ಇಂಚರಾ ಕೆಳಗಿನ ಊರಿನ ಶಾಲೆಗೆ ಹೋಗುತ್ತಾಳೆ. ಇಲ್ಲಿ ಯಾರಿಗೂ ಅವಳ ಚಾನೆಲ್ ಗೊತ್ತಿಲ್ಲ.

ನಾನು ಲಡಾಖಿನಿಂದ ಬಂದ ದಿನ ನಿಮ್ಮ ಮನೆ ಬಾಗಿಲಲ್ಲಿ ಅವಳು ನನ್ನನ್ನು ಕಂಡು ಓಡಿ ಬರಲಿಲ್ಲ. ನೆಟ್ಟಗೆ ನಿಂತಳು. ನಾಚಿಕೆ ಎಂದುಕೊಂಡೆ. ಆಮೇಲೆ ಇಲ್ಲಿಗೆ ಬರುವ ಬಸ್ಸಿನಲ್ಲಿ ತಿಳಿಯಿತು, ನಾನು ಒಂದು ದೇಶದ ಹೆಸರು ಹೇಳಲಿ ಎಂದು ಕಾಯುತ್ತಿದ್ದಳು. ನಾನು ಬಂದದ್ದು ಯಾವ ಉತ್ತರಕ್ಕೆ ಎಂದು ಕೇಳಿದಳು. "ಯಾವುದಕ್ಕೂ ಅಲ್ಲ ಕಣೇ, ಸುಮ್ನೆ ಬಂದೆ" ಅಂದೆ. "ಸುಮ್ನೆ ಬರ್ತಾರಾ?" ಅಂದಳು.

ಈಗ ಅವಳು ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಟೀಚರ್ ಹೆಸರು ಕೇಳಿದರೂ ಇಲ್ಲ, ಇಡ್ಲಿ ಸಾಕಾ ಎಂದರೂ ಇಲ್ಲ. ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ತಟ್ಟೆಗೆ ಹಾಕುತ್ತೇನೆ, ಬೇಕಿದ್ದರೆ ತಿನ್ನುತ್ತಾಳೆ.

ಕಶ್ಯಪ್ ದಿನಾ ಫೋನ್ ಮಾಡುತ್ತಾನೆ. ಅವನ ಧ್ವನಿ ಕೇಳಿದರೆ ಸಿಟ್ಟು ಬರುವುದಿಲ್ಲ, ಕಾಲಿಗೆ ಏನೋ ಮೆತ್ತಿಕೊಂಡ ಹಾಗಾಗುತ್ತದೆ. ಎತ್ತುವುದಿಲ್ಲ. ದೂರು ಕೊಡಬೇಕೆಂದು ನೀವು ಎರಡು ಸಲ ಹೇಳಿದಿರಿ. ಬೇಡ ಅಕ್ಕ. ದೂರು ಕೊಟ್ಟರೆ ಪೊಲೀಸರು, ವಕೀಲರು, ಮತ್ತೆ ಆ ವಿಡಿಯೋ. ಅದನ್ನು ನಾನು ಒಂದು ಸಲ ನೋಡಿದೆ, ಇನ್ನೊಮ್ಮೆ ನೋಡಲಾರೆ. ನಾವು ತಪ್ಪಿಸಿಕೊಂಡೆವು. ಅಷ್ಟು ಸಾಕು. ಮರೆಯಲು ಬಿಡಿ.

ನಿಮ್ಮ
ಚೈತನ್ಯಾ

*

ಮಲ್ಲೇಶ್ವರ
11 ಜನವರಿ 2026

ಚೈತನ್ಯಾ,

ಮರೆಯಲು ಬಿಡಬೇಕೆಂದೇ ಇದ್ದೆ. ಆದರೆ ಸೊಪ್ಪು ತರಲು ಹೋದವಳು ಸಂಪಿಗೆ ರಸ್ತೆಯ ಗೋಡೆಯಲ್ಲಿ ಶಶಿಕುಮಾರನ ಪೋಸ್ಟರ್ ನೋಡಿದೆ. ಇಂಚರಾಳ ಮುಖದ ಮೇಲೆ ಇನ್ನೊಬ್ಬ ಹುಡುಗಿಯ ಮುಖ ಅಂಟಿಸಿದ್ದಾರೆ. ಹೆಸರು ಆರಾಧನಾ, ಐದು ವರ್ಷ. ಕೆಳಗೆ "ತರಬೇತಿ: ಕಶ್ಯಪ್ ಸರ್".

ವಿಚಾರಿಸಿಕೊಂಡು ಕುಮಾರ ಪಾರ್ಕಿನ ಅವರ ಮನೆಗೆ ಹೋದೆ. ತಾಯಿಯ ಹೆಸರು ರಕ್ಷಿತಾ. ಕೆಟ್ಟವಳಲ್ಲ. ನಗುನಗುತ್ತಾ ಕೂರಿಸಿ ಕಾಫಿ ತಂದುಕೊಟ್ಟಳು. ನಾನು ಇಂಚರಾಳ ಅತ್ತೆ ಎಂದೊಡನೆ ಅವಳ ಕಣ್ಣು ಅರಳಿತು. ನಾನು ಎಲ್ಲವನ್ನೂ ಹೇಳಿದೆ. ಹಾಸಿಗೆ ಒದ್ದೆಯಾಗುವುದನ್ನು, ಅಮ್ಮ ಬರುತ್ತಾಳೆಂದು ಸುಳ್ಳು ಹೇಳಿದ್ದನ್ನು, ಈಗ ಮಗು ಬಾಯಿ ಬಿಡದಿರುವುದನ್ನು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ಮೇಡಂ, ನಿಜ ಹೇಳ್ಬೇಕಂದ್ರೆ ಆ ವಿಡಿಯೋ ನೋಡೇ ನಾವು ಇವ್ರ ಹತ್ರ ಸೇರಿಸಿದ್ದು. ಎಂಥ ಡೆಡಿಕೇಶನ್ ಆ ಮಗೂದು! ವಾಂತಿ ಮಾಡ್ಕೊಂಡ್ರೂ ನಿಲ್ಲಿಸ್ಲಿಲ್ಲ. ನಮ್ಮ ಆರಾಧನಾಗೂ ಅದನ್ನೇ ತೋರಿಸ್ತೀವಿ, ದಿನಾ."

ಕಾಫಿ ಬಾಯಲ್ಲಿತ್ತು. ನುಂಗಲಾಗಲಿಲ್ಲ, ಉಗಿಯಲೂ ಆಗಲಿಲ್ಲ. ಒಳಗಿನಿಂದ ಆ ಮಗು ಬಾಗಿಲ ಸಂದಿಯಲ್ಲಿ ನನ್ನನ್ನೇ ನೋಡುತ್ತಿತ್ತು.

ತಪ್ಪಿಸಿಕೊಂಡೆವು ಅಂದೆ ನೀನು. ನಿನ್ನ ಮಗಳು ತಪ್ಪಿಸಿಕೊಂಡಿಲ್ಲ. ಅವಳ ವಾಂತಿ ಇಲ್ಲಿ ಪಾಠವಾಗಿದೆ. ಸೋಮವಾರ, ಹತ್ತೊಂಬತ್ತಕ್ಕೆ, ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತೇನೆ. ದೂರಿನಲ್ಲಿ ಮೊದಲ ಹೆಸರು ನನ್ನ ತಮ್ಮನದು, ಬರೆದು ಮುಗಿಸಿದ್ದೇನೆ. ನಮ್ಮಮ್ಮ ಇದ್ದಿದ್ದರೆ ಕೈ ಹಿಡಿದು ತಡೆಯುತ್ತಿದ್ದಳೋ ಏನೋ. ಆದರೆ ಅತ್ತೆಯ ಮಾತಿಗೆ ಅಲ್ಲಿ ಬೆಲೆ ಕಡಿಮೆ, ತಾಯಿಯ ಮಾತು ಬೇಕು ಎಂದು ವಕೀಲರು ಹೇಳಿದರು. ನೀನು ಬಂದರೆ ಜೊತೆಯಲ್ಲಿ ಹೋಗೋಣ. ಬಾರದಿದ್ದರೆ ನಾನೊಬ್ಬಳೇ ಹೋಗುತ್ತೇನೆ.

ಗೋದಾ

*

ವಾಣಿಯಂಬಾಡಿ ಹತ್ತಿರ
15 ಜನವರಿ 2026

ಗೋದಕ್ಕ,

ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಶರಣ್ ನಾಳೆ ಬೆಂಗಳೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಇಂಚರಾಳನ್ನು ಕರೆತರುವುದಿಲ್ಲ, ಪಕ್ಕದ ಮನೆಯವರ ಹತ್ತಿರ ಬಿಟ್ಟು ಬರುತ್ತೇನೆ. ಆ ಸಮಿತಿಯವರಿಗೆ ಮುಂಚೆಯೇ ತಿಳಿಸಿಬಿಡಿ. ಅವಳನ್ನು ಎದುರು ಕೂರಿಸಿ ಯಾರೂ ಏನೂ ಕೇಳಕೂಡದು. ಕೇಳುವುದೇನಿದ್ದರೂ ನನ್ನನ್ನು ಕೇಳಲಿ.

ಚೈತನ್ಯಾ